ರುಹಿಯ ನೋಟ್‌ಬುಕ್ಕಿನ ಕೆಂಪು ಗೆರೆ

೬ ಜನವರಿ ೧೯೯೮, ಮಂಗಳವಾರ
ಎರಡನೇ ಪಿರಿಯಡ್ ನನ್ನ ಹಳಗನ್ನಡ. ಮೂರನೆಯದೂ ನನಗೇ, ಕೆಮಿಸ್ಟ್ರಿ... ಅದನ್ನು ಕಲಿಸುವ ಪುಂಡಲೀಕಪ್ಪ ಸರ್ ಒಂದು ವಾರ ರಜೆ. "ನಿಮ್ಮ ಅಕ್ಷರ ಮುತ್ತಿನಂಗ ಅದಾವ ಮೇಡಂ. ಅವರ ನೋಟ್ಸ್ ಬೋರ್ಡಿಗೆ ಬರೀರಿ, ಸಾಕು" — ಪ್ರಿನ್ಸಿಪಾಲರು. ಲಕ್ಷ್ಮೇಶ್ವರಕ್ಕೆ ಬಂದು ಆರೇ ತಿಂಗಳು, ಟೆಂಪರರಿ ಬೇರೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

೭, ಬುಧವಾರ
ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಎಷ್ಟು ಕರಗುತ್ತದೆ? ಸರ್ ನೋಟ್ಸಿನಲ್ಲಿ ಕೊಟ್ಟ ಸ್ಥಿರಾಂಕ 1.8×10⁻¹⁰ರ ವರ್ಗಮೂಲ ತೆಗೆದರೆ ಉತ್ತರ. ಮುಂದಿನ ಲೆಕ್ಕದಲ್ಲಿ ನೀರಿಗೆ ಮೊದಲೇ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, 0.1 ಮೋಲಾರ್ ಬೆರೆಸಿದೆ. ಸರ್ ಬಿಡಿಸಿಲ್ಲ, 'ಇದೂ ಮೇಲಿನ ಸೂತ್ರದಿಂದ' ಎಂದಷ್ಟೇ ಇದೆ. ಮತ್ತೆ ವರ್ಗಮೂಲವನ್ನೇ ಬರೆದೆ.
ಮೊದಲ ಬೆಂಚಿನ ರುಹಿ ಎದ್ದಳು. "ಮೇಡಂ, ನೀರಾಗ ಕ್ಲೋರೈಡ್ ಮೊದಲ ಐತಲ್ರಿ? ಇದು ಭಾಳ ಕಡಿಮಿ ಕರಗಬೇಕ್ರಿ."
ಹಿಂದಿನಿಂದ ಹನಮಂತ: "ಕುಂಡ್ರವಾ, ಮೇಡಮ್ಮಗ ಕಲಸಾಕ ಬಂದಿ ಏನ?"
ಎಲ್ಲ ನಕ್ಕರು. ಅವಳ ನೋಟ್‌ಬುಕ್ ತೆಗೆದುಕೊಂಡು, ಅವಳೇ ಬಿಡಿಸಿದ್ದ ಉತ್ತರದ ಮೇಲೆ ಕೆಂಪು ಗೆರೆ ಎಳೆದೆ. "ಬೋರ್ಡ್ ನೋಡಿ ಬರ್ಕೊ." ಬರೆದುಕೊಂಡಳು.

೮, ಗುರುವಾರ
ಲೈಬ್ರರಿಯಲ್ಲಿ ಪುಸ್ತಕ ನೋಡಿದೆ. ಕ್ಲೋರೈಡ್ ಮೊದಲೇ ಇದ್ದರೆ ಸಿಲ್ವರ್ ಕ್ಲೋರೈಡಿಗೆ ಕರಗಲು ಜಾಗ ಕಡಿಮೆ. 1.8×10⁻¹⁰ ಅನ್ನು 0.1ರಿಂದ ಭಾಗಿಸಬೇಕು. 1.8×10⁻⁹. ನಾನು ಗೆರೆ ಎಳೆದು ಹೊಡೆದುಹಾಕಿದ್ದು ಇದನ್ನೇ.
ನಾಳೆ ಹೇಳುತ್ತೇನೆ.

೧೨, ಸೋಮವಾರ
ಹೇಳಿಲ್ಲ. ಸರ್ ಬಂದರು. ಹೊಸ ಜಿಲ್ಲೆಯ ಮೊದಲ ವಿಜ್ಞಾನ ಸ್ಪರ್ಧೆ, ಗದಗಿನಲ್ಲಿ, ಕಾಲೇಜಿಗೆ ಒಬ್ಬರೇ. ರುಹಿ, ಹನಮಂತ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ ಒಂದೇ ಲೆಕ್ಕ ಕೊಟ್ಟರು — ಅದನ್ನೇ. ಹನಮಂತ ನನ್ನ ಬೋರ್ಡನ್ನು ಬರೆದುಕೊಂಡಿರಲೇ ಇಲ್ಲ. ಗೈಡಿನ ಪ್ರಕಾರ ಬಿಡಿಸಿದ, ಸರಿಯಾಯಿತು. ರುಹಿ ವರ್ಗಮೂಲ ತೆಗೆದಳು.
"ಇಷ್ಟು ಶ್ಯಾಣ್ಯಾಕಿ ನೀ. ಹಿಂಗ ಯಾರ ಹೇಳಿಕೊಟ್ರು?"
ಒಮ್ಮೆ ನನ್ನ ಕಡೆ ನೋಡಿದಳು. "ನಂದ ತಪ್ರಿ ಸರ್."
ನಾನು ತಲೆ ತಗ್ಗಿಸಿ ಹಾಜರಿ ಪುಸ್ತಕದ ಪುಟ ತಿರುವಿದೆ.

೧೩
ಸರ್‌ಗೆ ಹೇಳಲೆಂದೇ ಲ್ಯಾಬಿಗೆ ಹೋದೆ. "ಬರ್ರಿ ಮೇಡಂ, ಕುಂಡ್ರಿ. ಏನರೆ ಕೆಲಸಿತ್ತೇನ್ರಿ?"
"ಚಹಾ ಆತೇನ್ರಿ ಸರ್?" ಎಂದೆ.
ಅರ್ಧ ಕಪ್ ನನಗೂ ಕೊಟ್ಟರು. ಕುಡಿದು ಬಂದೆ.

೧೬, ಶುಕ್ರವಾರ, ಬೆಳಿಗ್ಗೆ ೧೦
ಸರ್ ಹನಮಂತನನ್ನೇ ಆರಿಸಿದ್ದಾರೆ. ಗದಗಿನ ಸ್ಪರ್ಧೆಯ ಅರ್ಜಿ ಹನ್ನೊಂದರ ಬಸ್ಸಿಗೆ ಕಳಿಸಬೇಕು. ತುಂಬಲು ನನಗೇ ಕೊಟ್ಟಿದ್ದಾರೆ — ಅಕ್ಷರ ಮುತ್ತಿನಂಗ. 'ವಿದ್ಯಾರ್ಥಿಯ ಹೆಸರು' ಎಂಬಲ್ಲಿ 'ಹ' ಬರೆದಿದ್ದೇನೆ. ಮುಂದೆ ಕೈ ಓಡುತ್ತಿಲ್ಲ.
ರುಹಿಯ ನೋಟ್‌ಬುಕ್ ಕೇಳಿ ತಂದೆ. ಯಾಕೆಂದು ಕೇಳದೆ ಕೊಟ್ಟಳು. ಗೆರೆಯ ಕೆಳಗೆ ಅವಳ ಉತ್ತರ ಇನ್ನೂ ಓದಲು ಬರುತ್ತದೆ.
ವರಾಂಡದಲ್ಲಿ ಸರ್ ಚಪ್ಪಲಿ ಸದ್ದು. ಈ ಸಲ ಚಹಾದ ಮಾತು ಎತ್ತಬಾರದು. ರುಹಿಯ ಈ ಪುಟ ತೆರೆದಿಟ್ಟು, ಗೆರೆ ತೋರಿಸಿ, ಇದನ್ನು ಎಳೆದವಳು ನಾನು ಎಂದು ಹೇಳಬೇಕು. ಸರ್ ಬಂದರು. ಪೆನ್ನು ಮುಚ್ಚುತ್ತೇನೆ.