ಅತ್ತೆಯ ರೇಡಿಯೋ, ನಿಮ್ಮ ಪೆನ್ಸಿಲ್ಲು

ಮಾವಯ್ಯಾ,

‘ತೀರ್ಥರೂಪು ಸಮಾನರಾದ’ ಎಂದು ಶುರು ಮಾಡಿದ್ದರೆ, ಏನಮ್ಮ ಮಾವನಿಗೂ ಅರ್ಜಿ ಟೈಪು ಮಾಡ್ತಿದ್ದೀಯಾ ಎಂದು ನಗುತ್ತಿದ್ದಿರಿ. ಮಧುಗಿರಿ ಕೋರ್ಟಿನ ಎದುರು ಕುಳಿತು ಊರವರ ಅಫಿಡವಿಟ್ಟುಗಳನ್ನೆಲ್ಲ ಟೈಪು ಮಾಡುವ ನಿಮ್ಮ ಸೊಸೆಗೆ ಸ್ವಂತದ್ದೊಂದು ಕಾಗದ ಬರೆಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಿಮ್ಮ ಕ್ಷೇಮ ಕೇಳುವ ಹಾಗೂ ಇಲ್ಲ. ನೀವು ಹೋಗಿ ಹನ್ನೊಂದು ತಿಂಗಳಾಯಿತು, ಸಮಾಧಿಯ ಮೇಲೆ ಗರಿಕೆ ಬಂದಿದೆ. ಐದು ವರ್ಷ ಒಂದೇ ಸೂರಿನಡಿ ಇದ್ದೂ ನಿಮಗೆ ಹೇಳದೆ ಇಟ್ಟುಕೊಂಡ ಮಾತೊಂದಿದೆ. ಅತ್ತೆಯ ರೇಡಿಯೋ ಸುಟ್ಟದ್ದು ನನ್ನ ಕೈಯಿಂದ. ಈ ಒಂದು ಸಾಲು ಬರೆಯುವಷ್ಟರಲ್ಲಿ ಮೂರು ಹಾಳೆ ಹರಿದೆ.

ಶಿರಾದ ಸಮುದಾಯ ಭವನಕ್ಕೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನೆನಪಿದೆಯೇ? ಹಳೆ ರೇಡಿಯೋ, ಗ್ರಾಮಫೋನು ಕೂಡಿಡುವವರೆಲ್ಲ ಸೇರುವ ಪ್ರದರ್ಶನ. ನಿಮ್ಮ ಮಗ ಬರುವುದಿಲ್ಲ ಎಂದ ಮೇಲೆ, ಚೀಲ ಹಿಡಿಯಲು ಒಬ್ಬರು ಬೇಕಲ್ಲ ಎಂದು ನಾನು ಹೊರಟಿದ್ದೆ. ಸಾಲು ಮೇಜುಗಳ ಮೇಲೆ ಪಾಲಿಶ್ ಮಾಡಿಟ್ಟ ಪೆಟ್ಟಿಗೆಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಾಗ ನೀವು ಹಿಂದಿನಿಂದ ಬಂದು, "ಮುಖ ನೋಡಿ ಮರುಳಾಗಬ್ಯಾಡ ಕಣಮ್ಮ, ಹೆಣ್ಣು ನೋಡಕ್ಕೆ ಬಂದಿದ್ದೀಯಾ? ಬೆನ್ನು ನೋಡು," ಎಂದಿರಿ. ಹಿತ್ತಾಳೆಯ ಕೊಳವೆಯ ಗ್ರಾಮಫೋನು ತಂದಿದ್ದ ಶಿರಾದ ಸಾಹೇಬರು, ಒಂದೊಂದು ಪ್ಲೇಟಿಗೂ ಹೊಸ ಸೂಜಿ ಹಾಕುವವರು, ನಾನು ಮಗಳೇ ಎಂದು ಕೇಳಿದರು. ಸೊಸೆ, ಮಗನಿಗಿಂತ ವಾಸಿ ಎಂದಿರಿ. ಅಂದಿನಿಂದ ನಾನು ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ.

ಬೆನ್ನು ಬಿಚ್ಚಿ ಏನು ನೋಡಬೇಕೆಂದು ಕಲಿಸಿದವರೂ ನೀವೇ. ನಿಮ್ಮ ರೇಡಿಯೋ ಅಂಗಡಿ ಇದ್ದ ಕಾಲದಿಂದ ನೀವು ರಿಪೇರಿ ಮಾಡಿದ ಪ್ರತಿ ರೇಡಿಯೋದ ಒಳಗೆ, ಮರದ ಮೇಲೆ, ಪೆನ್ಸಿಲ್ಲಿನಲ್ಲಿ ಬರೆದಿರುತ್ತಿದ್ದಿರಿ. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು, ಯಾರ ಕೈಯಿಂದ. ಯಾಕೆ ಬರೆಯುತ್ತೀರಿ ಎಂದರೆ, ಮುಂದೆ ಬಿಚ್ಚುವವನಿಗೆ ಸುಳ್ಳು ಹೇಳಬಾರದಲ್ಲ ಎನ್ನುತ್ತಿದ್ದಿರಿ. ಕೊರಟಗೆರೆಯಲ್ಲಿ ಒಮ್ಮೆ ಯಾರದೋ ಪೆಟ್ಟಿಗೆಯೊಳಗೆ ನಿಮ್ಮದೇ ಅಕ್ಷರ ಸಿಕ್ಕಿತ್ತು. ‘ಇಲಿ ಕಡಿದ ವೈರು. ಇಲಿಯದೇ ತಪ್ಪು.’ ಮೇಜಿನ ಸುತ್ತ ಇದ್ದವರೆಲ್ಲ ನಕ್ಕಿದ್ದರು.

ಅತ್ತೆಯ ರೇಡಿಯೋವನ್ನು ಅಟ್ಟದಿಂದ ಇಳಿಸಿದ ದಿನ ನೀವೇ ಪಂಚೆಯ ಅಂಚಿನಿಂದ ಅದರ ಧೂಳು ಒರೆಸಿದಿರಿ. ಅತ್ತೆಯನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ತೋವಿನಕೆರೆಯ ತವರಿನಿಂದ ಅವರು ತಂದ ಆ ಪೆಟ್ಟಿಗೆ, ಅವರು ಮುದ್ದೆ ತೊಳಸುವಾಗ ಅಡುಗೆಮನೆಯ ಗೂಡಿನಲ್ಲಿ ಹಾಡುತ್ತಿತ್ತಂತೆ. ಅವರು ಹೋದ ಮೇಲೆ ನೀವು ಅದನ್ನು ಹಚ್ಚಲೇ ಇಲ್ಲ. ಪ್ರದರ್ಶನಗಳಿಗೆ ಹೋಗಲು ಶುರು ಮಾಡಿದ ಮೇಲೆ ಒಂದೊಂದೇ ಗಾಜಿನ ವಾಲ್ವು ಹುಡುಕಿ ತಂದಿರಿ. ಸ್ಟೇಷನ್ ಸಿಕ್ಕಿದಾಗ ಕಿರಿದಾಗುವ ಹಸಿರು ದೀಪದ ಕಣ್ಣೊಂದು ಅದರಲ್ಲಿತ್ತು. ಎಲ್ಲ ಮುಗಿದು ಕರೆಂಟು ಕೊಡುವುದೊಂದೇ ಬಾಕಿ ಇದ್ದಾಗ ನಿಮ್ಮ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. "ಅವಳ ಹಸಿರು ಕಣ್ಣು ಬಿಡಾದನ್ನ ಈ ಮಂಜುಗಣ್ಣಲ್ಲಿ ನೋಡಲ್ಲ ಕಣಮ್ಮ. ಹೊಸ ಕಣ್ಣು ಬರ್ಲಿ," ಎಂದು ತುಮಕೂರಿನ ಬಸ್ಸು ಹತ್ತಿದಿರಿ.

ಆ ಗುರುವಾರ ಮಧ್ಯಾಹ್ನ ನೀವೂ ನಿಮ್ಮ ಮಗನೂ ಆಸ್ಪತ್ರೆಯಿಂದ ವಾಪಸು ಬರುವವರಿದ್ದಿರಿ. ನೀವು ಹೊಸಿಲು ದಾಟುವಾಗ ಅತ್ತೆಯ ರೇಡಿಯೋ ಹಾಡುತ್ತಿರಬೇಕು ಎಂದು ನನಗೆ ಆಸೆಯಾಯಿತು. ವರ್ಷಗಟ್ಟಲೆ ಮಲಗಿದ್ದ ರೇಡಿಯೋಗೆ ನೇರ ಕರೆಂಟು ಕೊಡಬಾರದು, ನಡುವೆ ಹಳೆ ಕಾಲದ ತಂತಿಯ ಬಲ್ಬು ಇಟ್ಟು, ಅದರ ಮೂಲಕ ಕೊಡಬೇಕು ಎಂದು ನೀವು ಎಷ್ಟು ಸಲ ಹೇಳಿರಲಿಲ್ಲ? ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿದು ರೇಡಿಯೋವನ್ನು ಉಳಿಸುತ್ತದೆ. "ಉಪವಾಸ ಇದ್ದೋನಿಗೆ ಮೊದ್ಲು ಗಂಜಿ, ಆಮ್ಯಾಕೆ ಮುದ್ದೆ," ಎನ್ನುತ್ತಿದ್ದಿರಿ. ಮರೆತುಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಬಲ್ಬಿನ ಬೋರ್ಡು ಬೀರುವಿನಲ್ಲಿತ್ತು, ಬೀಗದ ಕೈ ಹುಡುಕಬೇಕಿತ್ತು, ಬಸ್ಸು ಬರುವ ಹೊತ್ತಾಗಿತ್ತು. ಒಂದು ಸಲಕ್ಕೆ ಏನಾಗುತ್ತೆ ಅಂತ...

ಹಸಿರು ಕಣ್ಣು ಬಿಟ್ಟಿತು, ಮಾವಯ್ಯ. ನೀವು ನೋಡಬೇಕಾಗಿದ್ದನ್ನು ನಾನು ನೋಡಿದೆ. ಹತ್ತು ಎಣಿಸುವಷ್ಟು ಹೊತ್ತು ಇರಬಹುದು. ಆಮೇಲೆ ಗುಂಯ್ ಎಂಬ ಸದ್ದು, ಡಾಂಬರು ಕಾದ ವಾಸನೆ, ಬೆನ್ನಿನಿಂದ ಹೊಗೆ. ಪ್ಲಗ್ಗು ಕಿತ್ತೆ, ಕಿಟಕಿ ತೆಗೆದೆ, ಮನೆತುಂಬ ಸಾಂಬ್ರಾಣಿ ಹಾಕಿದೆ.

ನೀವು ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಬಂದವರು ಬಾಗಿಲಲ್ಲೇ ನಿಂತು, ಇವತ್ತು ಸೋಮವಾರವಾ ಎಂದು ಕೇಳಿದಿರಿ. ನಮ್ಮಲ್ಲಿ ಸಾಂಬ್ರಾಣಿ ಸೋಮವಾರ ಮಾತ್ರ ಅಲ್ಲವೇ. ನಿಮ್ಮ ಕಣ್ಣು ಚೆನ್ನಾಗಾಯಿತಲ್ಲ, ಅದಕ್ಕೇ ಧೂಪ ಹಾಕಿದೆ ಎಂದೆ. ನೀವು ಕುಳಿತು, ಕನ್ನಡಕ ತೆಗೆದು, "ಎರಡೂ ಕೈ ಕೊಡಮ್ಮ, ಹೊಸ ಕಣ್ಣಿಗೆ ಗೆರೆ ಕಾಣ್ತವಾ ನೋಡಾನ," ಎಂದಿರಿ. ಕಿಟಕಿಯ ಬೆಳಕಿಗೆ ಹಿಡಿದು ಅಂಗೈ, ಮುಂಗೈ, ಒಂದೊಂದು ಬೆರಳನ್ನೂ ತಿರುಗಿಸಿ ನೋಡಿ, "ಕಾಣ್ತವೆ ಬುಡು," ಎಂದಿರಿ. ಹೊಸ ಕಣ್ಣಿನ ಸಂಭ್ರಮ ಎಂದುಕೊಂಡೆ. ವಾರ ಕಳೆದ ಮೇಲೆ ನೀವು ಬಲ್ಬಿನ ಮೂಲಕ ಕರೆಂಟು ಕೊಟ್ಟಾಗ ಬಲ್ಬು ಪೂರ್ತಿ ಉರಿಯಿತು. ಟ್ರಾನ್ಸ್‌ಫಾರ್ಮರ್ ಹೋಗೈತೆ, ಅದಕ್ಕೂ ವಯಸ್ಸಾಯ್ತಲ್ಲ ಎಂದಿರಿ. ನಾನು ಹೂಂ ಎಂದೆ.

ಆಮೇಲಿನ ಐದು ವರ್ಷದ ಪ್ರದರ್ಶನಗಳು ನನಗೆ ಹೇಗಿದ್ದವು ಎಂದು ಹೇಗೆ ಹೇಳಲಿ? ಆ ಮೂಗ ಪೆಟ್ಟಿಗೆಯನ್ನು ಎಲ್ಲ ಕಡೆಗೂ ಹೊತ್ತೆವು. ಯಾಕೆ ಹಾಡಲ್ಲ ಎಂದು ಕೇಳಿದವರಿಗೆಲ್ಲ ನೀವು ವಯಸ್ಸು ಎನ್ನುತ್ತಿದ್ದಿರಿ, ನಾನು ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಟ್ರಾನ್ಸ್‌ಫಾರ್ಮರಿನ ಅಳತೆ ಬರೆದ ಚೀಟಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ, ಈ ನಮೂನೆಯದು ಐತಾ ಎಂದು ಕೇಳುವುದು ನನ್ನ ಕೆಲಸ. ಬೇರೆ ತಂತಿ ಸುತ್ತಿಸಿ ಹಾಕೋಣ ಎಂದವರಿಗೆ ನೀವು ಒಪ್ಪಲಿಲ್ಲ, ಅವಳು ತಂದ ಹಾಗೇ ಇರಬೇಕು ಎಂದಿರಿ. ಮಾರನೆಯ ದಿನ ಕೋರ್ಟಿನ ಎದುರು ಕುಳಿತು, ಮೇಲ್ಕಂಡದ್ದೆಲ್ಲ ಸತ್ಯ ಎಂದು ಊರವರ ಪರವಾಗಿ ಟೈಪು ಮಾಡುತ್ತಿದ್ದೆ. ಯಾಕೆ ಹೇಳಲಿಲ್ಲ? ನೀವು ಬೈಯುತ್ತೀರಿ ಎಂಬ ಭಯವಿರಲಿಲ್ಲ. ಬೈಯುವವರ ಮುಂದೆ ತಪ್ಪು ಒಪ್ಪಿಕೊಂಡು ಬೈಸಿಕೊಂಡು ಎದ್ದು ಹೋಗಬಹುದು. ಬೈಯದವರ ಮುಂದೆ...

ನೀವು ಹಾಸಿಗೆ ಹಿಡಿದ ಮೇಲೆ, ಒಂದು ಬೆಳಗ್ಗೆ ಗಂಜಿ ಕುಡಿಸುತ್ತಾ ಧೈರ್ಯ ಮಾಡಿದೆ. "ಮಾವಯ್ಯ, ಅತ್ತೆ ರೇಡಿಯೋ ವಿಚಾರ ಒಂದ್ ಮಾತು," ಎಂದೆ. ನೀವು ಚಮಚದ ಮೇಲೆ ಕೈ ಇಟ್ಟು, ಪಾವಗಡದವರು ಫೋನು ಮಾಡಿದ್ದರಾ ಎಂದು ಕೇಳಿದಿರಿ. ಟ್ರಾನ್ಸ್‌ಫಾರ್ಮರ್ ಹುಡುಕಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ ನಿಮ್ಮ ಗೆಳೆಯ ರಾಮಾಂಜಿನಪ್ಪನ ವಿಚಾರ. ಇಲ್ಲ ಎಂದೆ. ಮಾತು ಅಲ್ಲಿಗೇ ನಿಂತಿತು. ನಾಳೆ ಹೇಳೋಣ ಎಂದುಕೊಂಡೆ. ಅಂಥ ನಾಳೆಗಳು ನಾಲ್ಕೇ ಇದ್ದವು.

ರಾಮಾಂಜಿನಪ್ಪನವರ ಫೋನು ಹೋದ ವಾರ ಬಂತು. ಆಂಧ್ರದ ಕಡೆಯ ಯಾವುದೋ ಮುರುಕು ರೇಡಿಯೋದಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ಸಿಕ್ಕಿತ್ತಂತೆ. ಭಾನುವಾರ ಪಾವಗಡದಲ್ಲೇ ಪ್ರದರ್ಶನ. ರೇಡಿಯೋವನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋದೆ. ಸುಟ್ಟ ದಿನದಿಂದ ನಾನು ಅದರ ಬೆನ್ನು ತೆರೆದು ನೋಡಿದವಳಲ್ಲ, ನಿಮಗೆ ಗೊತ್ತು. ಅವರೇ ಬಿಚ್ಚಿ, ವಾಲ್ವುಗಳು ಕೂತಿರುವ ತಗಡಿನ ತಟ್ಟೆಯನ್ನು ನಾಲ್ಕು ಬೋಲ್ಟು ಕಳಚಿ ಹೊರಗೆಳೆದರು. ಅದರಡಿಯ ಮರದ ಮೇಲೆ ಟಾರ್ಚು ಬಿಟ್ಟು ಬಗ್ಗಿ ನೋಡಿದರು. ಆಮೇಲೆ ಟಾರ್ಚನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಮಾವನ ಬರಹ ಐತಮ್ಮ. ನುವ್ವೇ ಚದುವುಕೋಮ್ಮ, ನೀನೇ ಓದ್ಕೊ, ನಾನು ಓದಬಾರದು," ಎಂದು ಪಕ್ಕದ ಮೇಜಿನತ್ತ ಹೋದರು.

ನಿಮ್ಮ ಪೆನ್ಸಿಲ್ಲಿನ ಅಕ್ಷರ, ಒಂದೂ ಮಾಸಿಲ್ಲ.

‘ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಬಲ್ಬು ಇಡದೆ ಕರೆಂಟು ಕೊಟ್ಟಿದ್ದು. ಕೊಟ್ಟವಳು ನನ್ನ ಸೊಸೆ. ಎರಡು ಕೈಯೂ ನೋಡಿದೆ, ಸುಟ್ಟಿಲ್ಲ. ಹೇಳಿಲ್ಲ. ಕೇಳಬಾರದು.’

ಅಷ್ಟು ಜನರ ನಡುವೆ ಜೋರಾಗಿ ಅತ್ತುಬಿಟ್ಟೆ, ಮಾವಯ್ಯ. ಶಿರಾದ ಸಾಹೇಬರು ತಿರುಗುತ್ತಿದ್ದ ಪ್ಲೇಟನ್ನು ನಿಲ್ಲಿಸಿ, ಕುರ್ಚಿ ತಂದು ಹಾಕಿ, ಏನೂ ಕೇಳದೆ ನೀರು ಕೊಟ್ಟರು. ಆ ಗುರುವಾರ ಸಾಂಬ್ರಾಣಿಯ ನಡುವೆಯೂ ಸುಟ್ಟ ವಾಸನೆ ಹಿಡಿದು, ಬಾಗಿಲಲ್ಲೇ ನಿಮಗೆ ಗೊತ್ತಾಗಿತ್ತು. ಗೊತ್ತಿದ್ದೂ ಐದು ವರ್ಷ ನನ್ನ ಜೊತೆ ಮೇಜಿನಿಂದ ಮೇಜಿಗೆ ನಡೆದಿರಿ. ಆ ಬೆಳಗ್ಗೆ ಚಮಚದ ಮೇಲೆ ಕೈ ಇಟ್ಟಿದ್ದೂ ಅದಕ್ಕೇ ಅಲ್ಲವೇ? ಮಾವಯ್ಯ, ಅದೊಂದಕ್ಕೆ ಮಾತ್ರ ನಿಮ್ಮ ಮೇಲೆ ನನಗೆ ಕೋಪವಿದೆ. ನನ್ನನ್ನು ಕಾಪಾಡಲು ಹೋಗಿ ಹೇಳುವುದನ್ನೇ ತಪ್ಪಿಸಿಬಿಟ್ಟಿರಿ. ಒಂದೇ ಒಂದು ಸಲ, ನಾನೇ ಕಣ್ರೀ ಮಾವಯ್ಯ ಅನ್ನುವುದಕ್ಕೆ ಬಿಡಬಾರದಿತ್ತೇ?

ಇನ್ನು ನಿಮಗೆ ಮುಟ್ಟದ ಸುದ್ದಿ. ಅವರು ತಂದ ಟ್ರಾನ್ಸ್‌ಫಾರ್ಮರನ್ನು, ಅದರ ಜೊತೆಗೆ ಒಂದು ಕಂಡೆನ್ಸರನ್ನೂ ಹಾಕಿದ ಮೇಲೆ ರಾಮಾಂಜಿನಪ್ಪ ಸ್ವಿಚ್ಚಿಗೆ ಕೈ ಹಾಕಿದರು. ನಾನು ಹಾಕುತ್ತೇನೆ ಎಂದೆ. ಮನೆಯಿಂದಲೇ ತಂದಿದ್ದೆ, ನೀವು ಹತ್ತಿಯಲ್ಲಿ ಸುತ್ತಿಟ್ಟಿದ್ದ ಬಲ್ಬು. ಅದು ಒಮ್ಮೆ ಉರಿದು ಮಂಕಾಯಿತು. ಕಾಯುತ್ತಾ ನಿಂತೆವು. ಹಸಿರು ಕಣ್ಣು ನಿಧಾನವಾಗಿ ತೆರೆಯಿತು, ಆಮೇಲೆ ಯಾರೋ ತೆಲುಗಿನಲ್ಲಿ ಕಡಲೆಕಾಯಿ ಗಿಡದ ಹುಳದ ಬಗ್ಗೆ ಮಾತಾಡತೊಡಗಿದರು. ಸುತ್ತ ಇದ್ದವರು ನಕ್ಕರು. ಅಷ್ಟು ವರ್ಷಗಳ ಮೇಲೆ ಅತ್ತೆಯ ರೇಡಿಯೋದಿಂದ ಮೊದಲು ಬಂದ ಮಾತು ಅದು. ನಾನು ಸ್ಟೇಷನ್ ಬದಲಾಯಿಸಲಿಲ್ಲ. ನಿಮ್ಮ ಹೊಸ ಕಣ್ಣು ಮಣ್ಣಿನಲ್ಲಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ತಟ್ಟೆಯನ್ನು ಮತ್ತೆ ಒಳಗೆ ಕೂರಿಸುವ ಮೊದಲು ಚೀಲದಿಂದ ನಿಮ್ಮ ಪೆನ್ಸಿಲ್ಲು ತೆಗೆದೆ. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಿರಲ್ಲ, ಅದೇ ಮೋಟು. ನಿಮ್ಮ ಸಾಲುಗಳ ಕೆಳಗೆ ಜಾಗವಿತ್ತು. ಬರೆದೆ.

‘ಟ್ರಾನ್ಸ್‌ಫಾರ್ಮರ್ ಹಾಕಿದೆ. ಬಲ್ಬು ಇಟ್ಟು ಕರೆಂಟು ಕೊಟ್ಟಿದ್ದು. ಕೊಟ್ಟವಳು ಅದೇ ಸೊಸೆ. ಹೇಳಿದ್ದೇನೆ.’