ನಿನ್ನ ಹೆಸರಿನ ದಮ್ಮು

ಅವ್ವಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲ, ನಿನ್ನ ಮೇಲೆ ಸಿಟ್ಟಿತ್ತು. ಈಗ ಸಿಟ್ಟಿಗೂ ಶಕ್ತಿಯಿಲ್ಲ. ಸೇನೆಯ ವಿಮಾನ ಹಾರಿಸುವ ತರಬೇತಿಗೆ ಆಯ್ಕೆಯಾದೆ, ವೈದ್ಯಕೀಯ ತಪಾಸಣೆಯಲ್ಲಿ ಸಿಕ್ಕಿಕೊಂಡೆ. ಎಂಟು ತಿಂಗಳು ಇದೇ ಆಯಿತು: ಉಸಿರು ಅಳೆಯುವ ಯಂತ್ರಕ್ಕೆ ಊದು, ಓಡು, ಮತ್ತೆ ಊದು.

ಸ್ಟೇಷನ್ ರಸ್ತೆಯ ಆ ದವಾಖಾನೆ ನೆನಪಿದೆಯೇ? ನನಗೆ ಆರು ವರ್ಷ. ಉಸಿರು ಸಿಗದೆ ನಿನ್ನ ಹೆಗಲ ಮೇಲೆ ಬಿದ್ದಿದ್ದೆ. ಚೀಟಿ ಬರೆಯುವ ಕಂಪೌಂಡರ್ ಅಪ್ಪನ ಊರು ನಿಡೋಣಿಯವನೇ. ರೋಗಿಯ ಹೆಸರು ಕೇಳಿದ್ದಕ್ಕೆ ನೀನು ನಿನ್ನ ಹೆಸರನ್ನೇ ಹೇಳಿಬಿಟ್ಟೆ. "ದಮ್ಮ ನನಗ ಐತ್ರಿ. ಹುಡುಗಿಗೆ ಬರೇ ನೆಗಡಿ." ಹೊರಗೆ ಬಂದು ನನಗೆ ಹೇಳಿದೆ, "ಯಾರ ಮುಂದೂ ಬಾಯಿ ಬಿಡಬ್ಯಾಡ ಬೇ. ನಾಳೆ ಹೆಣ್ಣ ನೋಡಾಕ ಬರಾವ್ರು ಮೊದಲ ಇದನ್ನ ಕೇಳ್ತಾರ." ಆರು ವರ್ಷದವಳಿಗೆ ಎಲ್ಲಿಯ ಮದುವೆ ಅವ್ವಾ?

ಸುದ್ದಿ ನಿಡೋಣಿ ಮುಟ್ಟಿತು. ರಜೆಗೆ ಹೋದಾಗಲೆಲ್ಲ ಆಯಿ, ಅಪ್ಪನ ಅವ್ವ, ನಿನ್ನನ್ನು ಬಿಡುತ್ತಿರಲಿಲ್ಲ. "ಎಂಥಾ ದಮ್ಮಿನಾಕಿನ್ನ ತಂದ್ಕೊಂಡೇವಿ, ನನ್ನ ಮಗನ ನಸೀಬ!" ನೀನು ರೊಟ್ಟಿ ಬಡಿಯುತ್ತಲೇ ಇದ್ದೆ. ಒಳಕೋಣೆಯಲ್ಲಿ ನನ್ನ ಎದೆ ಸುಂಯ್‌ಗುಟ್ಟಿದರೆ, ಆ ಸದ್ದು ಹೊರಗೆ ಕೇಳದಂತೆ ನೀನು ಜೋರಾಗಿ ಕೆಮ್ಮುತ್ತಿದ್ದೆ. ಹತ್ತನೆಯ ವಯಸ್ಸಿಗೆ ನನ್ನ ದಮ್ಮು ನಿಂತೇಹೋಯಿತು. ನಿನ್ನ ಹೆಸರಿಗೆ ಅಂಟಿದ್ದು ಮಾತ್ರ ಹೋಗಲಿಲ್ಲ.

ತಪಾಸಣೆಯ ಫಾರ್ಮಿನಲ್ಲಿ ಎರಡು ಪ್ರಶ್ನೆಗಳಿದ್ದವು. ಬಾಲ್ಯದಲ್ಲಿ ನಿಮಗೆ ಆಸ್ತಮಾ ಇತ್ತೇ? ತಂದೆ ತಾಯಿಗೆ ಇತ್ತೇ? ನಿನ್ನ ಚೀಟಿಗಳ ಪ್ರಕಾರ ನನಗಿರಲಿಲ್ಲ, ನಿನಗಿತ್ತು. ಹಾಗೆಯೇ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಕೊನೆಗೆ ನನಗಿತ್ತು, ತಾಯಿಗಿರಲಿಲ್ಲ ಎಂದು ಬರೆದೆ. ಅನರ್ಹಳಾದೆ. ಮೇಲ್ಮನವಿ ಹಾಕಿದರೆ ಹಳೆಯ ಚೀಟಿ ಕೇಳಿದರು. ನಿನ್ನ ಟ್ರಂಕಿನ ತಳದಿಂದ ತೆಗೆದುಕೊಟ್ಟೆ. ಒಂದೊಂದರ ಮೇಲೂ ನಿನ್ನ ಹೆಸರು! ವೈದ್ಯಾಧಿಕಾರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ನಾಚಿಕೆಯಾಯಿತು, ಅಳುವೂ ಬಂತು. ಅವರು ಚೀಟಿಗಳನ್ನು ಬದಿಗಿಟ್ಟು, ನನ್ನ ಎದೆಯನ್ನೇ ಮತ್ತೆ ಮತ್ತೆ ಪರೀಕ್ಷೆಗೆ ಹಚ್ಚಿದರು.

ಮೊನ್ನೆ ಕಾಗದ ಬಂತು. ಹಾರಾಟಕ್ಕೆ ಅರ್ಹಳು. ಖುಷಿಪಡುವಷ್ಟು ತ್ರಾಣವೂ ಉಳಿದಿರಲಿಲ್ಲ. ನಿಡೋಣಿ ಬಸ್ಸು ಹತ್ತಿ ಹೋಗಿ ಆಯಿಯ ಮುಂದೆ ಕುಳಿತು ಚೀಟಿಯ ಕಥೆ ಹೇಳಿದೆ. ಅಡಕೆ ಕತ್ತರಿಸುತ್ತಿದ್ದ ಕೈ ನಿಂತಿತು.

"ಹಂಗಾರ ನಿಮ್ಮವ್ವಗ ದಮ್ಮ ಇರಲೇ ಇಲ್ಲೇನು?"

"ಇಲ್ಲ ಆಯಿ. ಒಂದಿನಾನೂ ಇರಲಿಲ್ಲ."

"ಮತ್ತ ಅಷ್ಟ್ಯಾಕ ಕೆಮ್ಮತಿದ್ಳು ಆಕಿ?"

ನಾನು ಒಳಕೋಣೆಯ ಕಡೆ ನೋಡಿದೆ. ಆಯಿಗೆ ತಾನಾಗಿಯೇ ತಿಳಿಯಿತು. ಸೆರಗು ಬಾಯಿಗೆ ಹಿಡಿದುಕೊಂಡಳು.

ಮುಂದಿನ ತಿಂಗಳು ತರಬೇತಿಗೆ ಹೊರಡುತ್ತೇನೆ. ಇನ್ನೊಂದು ಸುದ್ದಿ, ಅವ್ವಾ. ಇವತ್ತು ಬೆಳಿಗ್ಗೆ ಆಯಿ ಕೋಲು ಹಿಡಿದು ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಳಂತೆ: "ನನ್ನ ಸೊಸಿಗೆ ದಮ್ಮ ಇರಲಿಲ್ರೆವಾ."