ತೊಯ್ದ ಹತ್ತಿಯ ತೂಕ

ಹತ್ತಿ ಗಿರಣಿಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ಇಂದು ಸನ್ ೧೯೩೭ರ ಮಾರ್ಚ್ ೮, ಸೋಮವಾರ. ತಮ್ಮ ಗಿರಣಿಯ ಹಮಾಲರಾದ ನನ್ನ ತಂದೆ, ಘೋಡಗೇರಿಯ ವೀರಪ್ಪನವರು, ಹತ್ತಿ ತುಂಬಿದ ಅಂಡಿಗೆ ಚೀಲ ಹೊರಲು ಸಮರ್ಥರೆಂದು ತಾವು ಬರೆದುಕೊಟ್ಟ ದಾಖಲೆ ತಪ್ಪೆಂದು ನಾಲ್ಕು ಜನರೆದುರು ತೋರಿಸುವುದೇ ಈ ಪತ್ರದ ಉದ್ದೇಶ. ಖಾಸಗಿಯಾಗಿ ಬರೆದ ಎರಡು ಪತ್ರಗಳನ್ನು ಓದಲು ತಮಗೆ ಬಿಡುವಾಗಲಿಲ್ಲ. ಮೂರನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಹಂಗಾಮು ತೊಡಗಿದಾಗ ಪ್ರತಿಯೊಬ್ಬ ಹಮಾಲನನ್ನೂ ಹತ್ತಿಯ ಅಂಡಿಗೆ ತೂಗುವ ಕಾಟಾದ ಮೇಲೆಯೇ ನಿಲ್ಲಿಸಿ ತೂಕ ಬರೆದುಕೊಳ್ಳುವುದು ತಮ್ಮ ಗಿರಣಿಯ ಪದ್ಧತಿ. ಬೇನೆ ಬಿದ್ದವನು ಮರಳಿ ಬಂದಾಗ ತೂಕ ಇಳಿದಿದ್ದರೆ ಅವನು ರೋಗಿ, ಇಳಿಯದಿದ್ದರೆ ಮೈಗಳ್ಳ. ಇಷ್ಟು ಸುಲಭವಾದ ವೈದ್ಯಕ್ಕೆ ವೈದ್ಯರೇಕೆ ಬೇಕು, ತೂಕ ಹಾಕುವ ಮಾಳಪ್ಪನೇ ಸಾಲದೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ನನ್ನ ತಂದೆಯವರಿಗೆ ಎರಡು ವರ್ಷಗಳಿಂದ ಯಕೃತ್ತಿನ ಬೇನೆ. ಸೆರೆ-ಸಾರಾಯಿಯನ್ನು ಅವರು ಮೂಸಿಯೂ ನೋಡಿದವರಲ್ಲ. ಕಾಮಾಲೆಯಾಗಿ ಬಂದದ್ದು ಹೋಗದೆ ಉಳಿಯಿತು. ಹದಿನೈದು ದಿನಗಳ ಹಿಂದೆ ಅವರನ್ನು ಕಾಟಾದ ಮೇಲೆ ನಿಲ್ಲಿಸಿದಾಗ ನಾನೂ ಜೊತೆಗಿದ್ದೆ. ನೂರಾ ಮೂವತ್ತೆರಡು ರತ್ತಲು, ಹೋದ ವರ್ಷದಷ್ಟೇ. ತಾವು ಕುರ್ಚಿಯಿಂದ ಏಳಲಿಲ್ಲ.

"ತೂಕ ಇದ್ದಾಂಗ ಐತಿ. ಇಂವಗ ಬ್ಯಾನಿ ಎಲ್ಲೈತಿ?" ಎಂದಿರಿ.

"ಸಾಹೇಬ್ರ, ಅವರ ತೋಳು ನೋಡ್ರಿ," ಎಂದೆ.

"ನಾಕು ಪುಸ್ತಕ ಓದಿದ್ರ ಡಾಕ್ಟರ್ ಆಗಾಕ ಬರೂದಿಲ್ಲವ್ವಾ," ಎಂದು ನಕ್ಕಿರಿ.

ಒಪ್ಪಿದೆ. ನಾನು ವೈದ್ಯಳಲ್ಲ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ತೇರ್ಗಡೆಯಾದವಳು, ಅಷ್ಟೇ. ಆದರೆ ಮೊತ್ತ ಬದಲಾಗದೆ ಒಂದು ಭಾಗ ಇಳಿದರೆ ಇನ್ನೊಂದು ಭಾಗ ಏರಿರಲೇಬೇಕೆಂಬುದನ್ನು ನಮಗೆ ಮೂರನೆಯ ಇಯತ್ತೆಯಲ್ಲಿಯೇ ಕಲಿಸಿದ್ದಾರೆ. ಇಳಿದದ್ದು ಯಾವುದು? ತಂದೆಯವರು ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎಡದೋಳಿಗೆ ಕಟ್ಟಿಕೊಳ್ಳುತ್ತಾರೆ. ಅದು ಮೊಳಕೈಗೆ ಜಾರುತ್ತಿದೆಯೆಂದು ಹೋದ ಶ್ರಾವಣದಿಂದ ನಾಲ್ಕು ಸಲ ನಾನೇ ಗಂಟು ಬಿಗಿ ಮಾಡಿದ್ದೇನೆ. ಹಳೆಯ ನಾಲ್ಕು ಗಂಟುಗಳ ಗುರುತು ಆ ವಸ್ತ್ರದ ಮೇಲೆ ಇನ್ನೂ ಇದೆ. ಮೊದಲನೆಯದಕ್ಕೂ ಈಗಿನದಕ್ಕೂ ನಡುವೆ ಮೂರು ಬೆರಳ ಅಂತರ. "ಇನ್ನೊಮ್ಮಿ ಬಿಗಿದಿ ಅಂದ್ರ ಉಂಗುರ ಮಾಡಿ ಬೆರಳಿಗೆ ಹಾಕ್ಕೋಬೇಕಾಕ್ಕೈತಿ ನೋಡವಾ ಚನ್ನೀ," ಎಂದು ಅವರು ನಗುತ್ತಾರೆ. ತೊಡೆಗಳೂ ಹಾಗೆಯೇ ಸವೆದಿವೆ. ನೆಲದಿಂದ ಏಳಬೇಕಾದರೆ ನಮ್ಮವ್ವನ ಹೆಗಲು ಹಿಡಿಯುವವರ ಬೆನ್ನಿಗೆ ತಾವು ಅಂಡಿಗೆ ಏರಿಸಲಿದ್ದೀರಿ.

ಏರಿದ್ದು ಯಾವುದು? ಅವರ ಹೊಟ್ಟೆಯನ್ನು ಒಮ್ಮೆ ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. ನೀರು.

ಮಾಳಪ್ಪನಿಗೆ ಅದು ತಿಳಿಯಿತು. ಕಾಟಾದಿಂದ ಇಳಿಸುವಾಗ ಮೆಲ್ಲಗೆ ಹೇಳಿದ: "ವೀರಪ್ಪಣ್ಣಾ, ತೊಯ್ದ ಹತ್ತಿನೂ ತೂಕ ಭಾಳ ಬರತೈತಿ. ಅದಕ್ಕ ನಾವು ಅಂಡಿಗ್ಯಾಗ ಕೈ ಹಾಕಿ ನೋಡದ ತಗೊಳ್ಳೂದಿಲ್ಲ." ರೈತ ತಂದ ಹತ್ತಿಯಲ್ಲಿ ಹಿಡಿಯಷ್ಟು ತೇವವಿದ್ದರೂ ತಮ್ಮ ಗಿರಣಿ ಮೋಸ ಹೋಗುವುದಿಲ್ಲ. ಹತ್ತಿಯ ಒಳಗೆ ಮೊಳಕೈತನಕ ಇಳಿಯುವ ಕೈ ಮನುಷ್ಯನ ಹೊಟ್ಟೆಯ ಮೇಲೆ ಒಂದು ಗಳಿಗೆ ನಿಲ್ಲಲಾರದೇ? ಅಥವಾ ಹತ್ತಿಯನ್ನು ಕೊಳ್ಳುವುದರಿಂದ ಪರೀಕ್ಷೆ ಬೇಕು, ಹಮಾಲನು ತಾನಾಗಿಯೇ ಬರುವುದರಿಂದ ಬೇಡವೇ?

ಈಗ ತಾವು ಒಂದು ಕಾಗದ ಕಳಿಸಿದ್ದೀರಿ. ತಂದೆಯವರು ಸ್ವಸಂತೋಷದಿಂದ ಕೆಲಸಕ್ಕೆ ಮರಳುತ್ತಾರೆ, ಮುಂದೆ ಏನಾದರೂ ಗಿರಣಿ ಹೊಣೆಯಲ್ಲ ಎಂದು ಅದರಲ್ಲಿದೆ. ಅವರ ಹೆಬ್ಬೆಟ್ಟು, ಕೆಳಗೆ ಮನೆಯ ಅಕ್ಷರಸ್ಥರ ಸಾಕ್ಷಿ ಸಹಿ ಬೇಕಂತೆ. ಬರುವ ಗುರುವಾರದೊಳಗೆ ಅದು ಗಿರಣಿಗೆ ಮುಟ್ಟದಿದ್ದರೆ ಅವರ ಜಾಗ ಬೇರೆಯವರಿಗೆ. ಮನೆಯಲ್ಲಿ ಅಕ್ಷರಸ್ಥೆ ನಾನೊಬ್ಬಳೇ. ನನ್ನ ಓದಿಗೆ ತಮ್ಮಿಂದ ದೊರೆತ ಮೊದಲ ಮನ್ನಣೆಯಿದು.

ನನ್ನ ಬೇಡಿಕೆ ಇಷ್ಟು. ಗುರುವಾರದೊಳಗೆ ತಂದೆಯವರನ್ನು ಕಾಟಾದಿಂದ ದೂರ ಕೂರಿಸಿ, ಅವರ ತೋಳನ್ನೂ ಹೊಟ್ಟೆಯನ್ನೂ ತಮ್ಮ ಕೈಯಿಂದಲೇ ಪರೀಕ್ಷಿಸಿರಿ. ಅವರ ಹೆಸರಿನ ಮುಂದೆ ಬರೆದ 'ಮೈಗಳ್ಳ' ಎಂಬ ಮಾತನ್ನು ಹೊಡೆದುಹಾಕಿರಿ. ಕೂತು ಹತ್ತಿ ಆರಿಸುವ ಕೆಲಸ ಕೊಡಿರಿ. ಅದನ್ನು ಅವರು ಮಾಡಬಲ್ಲರು.

ಇಂತಿ,
ತಮ್ಮ ಕಾಟಾವನ್ನು ಇನ್ನೂ ಹತ್ತದ, ಹಮಾಲನ ಮಗಳು
ಚನ್ನವ್ವ ವೀರಪ್ಪ, ಘೋಡಗೇರಿ

ತಾ.ಕ.: ತಮ್ಮ ಕಾಗದ ನನ್ನ ಬಳಿ ಇದೆ. ಸಹಿ ಮಾಡುವುದಿಲ್ಲ.